ಬಸ್ ಸ್ಟ್ಯಾಂಡಿನಲ್ಲಿ ಕಂಡ ‘ನಮ್ಮೋರು’

ನನ್ನ ಮೇಲುಸಾಲಿನಲ್ಲಿ ಎರಡು ಹಲ್ಲು ಹೋಗಿವೆ. ನನ್ನ ಮೊಮ್ಮಗಳ ಕೆಳಸಾಲಿನಲ್ಲಿ ಎರಡು ಹಲ್ಲು ಬಂದಿವೆ. ಅವಳಿಗೆ ಈಗ ಎಂಟು ತಿಂಗಳು. ಇರುವ ಆ ಎರಡರಲ್ಲೇ ನನ್ನ ಬೆರಳು ಕಚ್ಚುತ್ತಾಳೆ, ಮಗ್ಗದ ಲಾಳಿ ಕಚ್ಚುತ್ತಾಳೆ, ನೋಡಲು ಬಂದವರ ಮೂಗು ಕಚ್ಚುತ್ತಾಳೆ. ಕಚ್ಚಿ ನಗುತ್ತಾಳೆ. “ಇನ್ನೂ ಕಚ್ಚು ತಾಯೇ” ಎನ್ನುತ್ತೇನೆ ನಾನು. ಮಗಳು ಬೈಯುತ್ತಾಳೆ. ಬೈದರೆ ಬೈಯಲಿ. ಈ ಕೂಸು ಭೂಮಿಗೆ ಬಂದ ದಿನ ಎಷ್ಟು ಏಟು ಬಿತ್ತು, ಯಾರ ರಕ್ತ ಎಲ್ಲಿ ಚೆಲ್ಲಿತು ಎಂದು ನೋಡಿದವಳು ನಾನು. ಅಂಥ ದಿನ ದಾಟಿ ಬಂದ ಕೂಸು ಕಚ್ಚದೆ ಮುತ್ತು ಕೊಡುತ್ತದೆಯೇ?

ನಾನು ಓದಿದ್ದು ಮೂರನೇ ಕ್ಲಾಸು, ಅದೂ ತಮಿಳಿನಲ್ಲಿ. ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ ನಮ್ಮಂಥ ಮನೆಗಳಲ್ಲಿ ಕನ್ನಡ ಹೊಸಿಲೊಳಗಿನ ಮಾತು. ಹೊಸಿಲು ದಾಟಿದರೆ ತಮಿಳು. ಕನ್ನಡದ ಅಕ್ಷರವನ್ನು ಐವತ್ತು ದಾಟಿದ ಮೇಲೆ ನನಗೆ ಕಲಿಸಿದವಳು ಚಾಮರಾಜನಗರದ ಕಡೆಯಿಂದ ಬಂದ ಸೊಸೆ. ಅವಳೂ ನನ್ನ ಮಗನೂ ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿ ಕೆಲಸಕ್ಕಿದ್ದಾರೆ. ಫೋನು ಹಿಡಿಯುವುದನ್ನು ಕಲಿಸಿದವಳೂ ಅವಳೇ.

ಮಗಳನ್ನು ಕೊಟ್ಟದ್ದು ಕೋಯಮತ್ತೂರಿನ ಗಣಪತಿ ಎಂಬ ಪೇಟೆಗೆ, ನಮ್ಮ ಜನದವನಿಗೇ. ಪಂಪಿನ ಮೋಟಾರಿಗೆ ತಂತಿ ಸುತ್ತುವ ಕೆಲಸ ಅವನದು. ಫೋನು ರಿಪೇರಿಯೂ ಬರುತ್ತಿತ್ತು. ಕೈಯಲ್ಲಿ ಅಷ್ಟು ವಿದ್ಯೆ ಇದ್ದವನು ಆ ಕೈಯನ್ನು ನನ್ನ ಮಗಳ ಮೇಲೆ ಪ್ರಯೋಗಿಸಿದ. ಮೊದಲು ಕೆನ್ನೆಗೆ. ಆಮೇಲೆ ಚಾರ್ಜರಿನ ವೈರಿನಲ್ಲಿ ಬೆನ್ನಿಗೆ. ಅವಳು ಬಸುರಾದ ಐದನೇ ತಿಂಗಳಲ್ಲಿ ಅವಳ ಎಡ ಮಣಿಕಟ್ಟನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಒದ್ದ. ಅವಳು ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೇಟ್ಟುಪಾಳ್ಯದ ಬಸ್ಸು ಹಿಡಿದು ನನ್ನ ಮನೆಗೆ ಬಂದಳು.

ಮೂರನೇ ದಿನ ಅವನೂ ಬಂದ. ನಾನು ಮಗ್ಗದ ಗುಂಡಿಯೊಳಗೆ ಕಾಲು ಬಿಟ್ಟು ಕುಳಿತಿದ್ದೆ. ಬ್ಲೇಡು ತೆಗೆದು ಮಗ್ಗಕ್ಕೆ ಬಿಗಿದ ನನ್ನ ಹಾಸನ್ನು ಅಡ್ಡಡ್ಡ ಕೊಯ್ದ. ಬಿಗಿದು ನಿಂತ ಸಾವಿರಾರು ರೇಷ್ಮೆ ಎಳೆ ಒಂದೇ ಸಲ ಚಿರ್ ಎಂದು ಹಿಂದಕ್ಕೆ ಸಿಡಿದವು. ನನ್ನ ಮುಖದ ಮೇಲೆ ಹೊಡೆದಂತಾಯಿತು. ನೇಯುವವರ ಮನೆಯಲ್ಲಿ ಹಾಸು ಕೊಯ್ಯುವುದೆಂದರೆ ಹೆಣ ಬೀಳಿಸಿದ ಹಾಗೆ. ಬೀದಿಯವರೆಲ್ಲ ಬಂದು ಅವನನ್ನು ಎಳೆದು ಹೊರಗೆ ಹಾಕಿದರು. ಠಾಣೆಯಲ್ಲಿ ಎಚ್ಚರಿಸಿ ಬರೆಸಿಕೊಂಡರು. ಸಹಿ ಹಾಕಿ ಹೊರಗೆ ಬಂದವನು ನನ್ನ ಕಿವಿಯ ಹತ್ತಿರ ಬಾಯಿ ತಂದು, “ಎಲ್ಲಿ ಬಚ್ಚಿಟ್ರೂ ಬತ್ತೀನಿ ಅತ್ತೆ. ಅವ್ಳ ಒಟ್ಟೆನಲ್ಲಿ ಐತಲ್ಲ, ಅದ್ನ ಉಸಿರಾಡಕ್ಕೆ ಬಿಡಕಿಲ್ಲ” ಎಂದ.

ಅವನು ಹೇಳಿದ್ದನ್ನು ಮಾಡುವ ಜಾತಿಯವನು. ಅದೇ ವಾರ ಮಗಳನ್ನು ಮಡತ್ತುಕುಳಕ್ಕೆ, ನನ್ನ ಅಕ್ಕನ ಮನೆಗೆ ಸಾಗಿಸಿದೆ. ಅಕ್ಕ ಗಂಡ ಸತ್ತ ಮೇಲೂ ಕಬ್ಬು ಬೆಳೆದು, ಬೆಲ್ಲ ಕಾಯಿಸುವ ಆಲೆಮನೆ ನಡೆಸುವವಳು. ಮಗಳ ಮದುವೆಯ ಕಾಲದಿಂದಲೂ ನಮಗೂ ಅವಳಿಗೂ ಮಾತು ಬಿಟ್ಟುಹೋಗಿತ್ತು, ಹಾಗಾಗಿ ಅಳಿಯ ಆ ಮನೆ ನೋಡಿದವನೇ ಅಲ್ಲ. ಮಗಳ ಕೈ ನೋಡಿದೊಡನೆ ಅಕ್ಕ ಹಳೆಯದನ್ನೆಲ್ಲ ಉಗಿದು ಒಳಗೆ ಕರೆದುಕೊಂಡಳು. ಇಷ್ಟೇ ನಮ್ಮ ಗುಟ್ಟು. ಆ ಊರಿನ ಹೆಸರು ಅವನ ಕಿವಿಗೆ ಬೀಳಬಾರದು. ಬಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ.

ನಾನು ಸಿರುಮುಗೈಯಲ್ಲೇ ಉಳಿದೆ. ಪ್ರತಿ ಶುಕ್ರವಾರ ನೇಯ್ದ ಸೀರೆಯನ್ನು ಕೋಯಮತ್ತೂರಿನ ಅಂಗಡಿಗೆ ಒಪ್ಪಿಸಿ ಬರುವುದು ನನ್ನ ಕೆಲಸ. ನನ್ನ ಫೋನಿಗೆ ಮಾತಾಡುವ ಪ್ಯಾಕು ಮಾತ್ರ, ನೆಟ್ ಇಲ್ಲ. ಆದರೆ ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಫ್ರೀ ವೈಫೈ ಇದೆ. ಅದನ್ನು ಹಿಡಿದರೆ ಅರ್ಧ ಗಂಟೆ ಮುಖ ನೋಡಿ ಮಾತಾಡಬಹುದು. ಸೊಸೆ ಪಾಠ ಹೇಳಿದ್ದಳು: “ಅತ್ತೆ, ಕಂಡಕಂಡದ್ದನ್ನ ಒತ್ಬೇಡಿ. ಆಫೀಸ್ ಕಿಟಕಿ ಹತ್ರ ಹೋಗಿ, ನಿಮ್ ವೈಫೈ ಹೆಸರು ಯಾವ್ದು ಅಂತ ಕೇಳಿ. ಅದನ್ನೇ ಒತ್ತಿ. ಫೋನ್ ನಂಬರ್ ಕೇಳುತ್ತೆ, ಒಂದು ಓಟಿಪಿ ಬರುತ್ತೆ, ಅಷ್ಟೆ. ಪಾಸ್‌ವರ್ಡ್ ಕೇಳಿದ್ರೆ ಮುಚ್ಚಿಬಿಡಿ. ಬ್ಯಾಂಕಿನದು ಅಲ್ಲಿ ತೆಗೀಲೇಬೇಡಿ. ಮುಗಿದ ಮೇಲೆ ಮರೆತುಬಿಡು ಅಂತ ಫೋನಿಗೆ ಹೇಳಿ, ಇಲ್ದಿದ್ರೆ ಅದು ತಾನೇ ಹೋಗಿ ಯಾವುದಕ್ಕೋ ಅಂಟ್ಕೊಳುತ್ತೆ.”

ನಾನು ಹಾಗೇ ಮಾಡುತ್ತಿದ್ದೆ. ಕಂಬದ ಪಕ್ಕದ ಸಿಮೆಂಟು ಕಟ್ಟೆಯಲ್ಲಿ ಕುಳಿತು ಫೋನು ಎತ್ತಿ ಹಿಡಿದರೆ ಮಗಳು ಸೆರಗು ಸರಿಸಿ ಹೊಟ್ಟೆ ತೋರಿಸುತ್ತಿದ್ದಳು. ಒಂದು ಶುಕ್ರವಾರ ಹೊಟ್ಟೆಯ ಮೇಲೆ ಒಂದು ಗುಬುಟು ಎದ್ದು ಈ ಕಡೆಯಿಂದ ಆ ಕಡೆಗೆ ಓಡಿತು. “ಕಾಲು ಅವ್ವಾ, ಕಾಲು! ಒದಿತೈತೆ!” ಎಂದಳು. ನಾನು ಆ ಗದ್ದಲದಲ್ಲಿ ಎದ್ದು ನಿಂತು ಕಿರುಚಿದೆ. ಕಡಲೆ ಮಾರುವವಳು ಯಾರಾದರೂ ಸತ್ತರೇನೋ ಎಂದು ಓಡಿ ಬಂದಳು.

ಎಂಟು ತಿಂಗಳು ತುಂಬಿದ ಮೇಲಿನ ಒಂದು ಶುಕ್ರವಾರ ಬಸ್ ಸ್ಟ್ಯಾಂಡಿನ ವೈಫೈ ಹಿಡಿಯಲಿಲ್ಲ. ಸುತ್ತು ಸುತ್ತುತ್ತಲೇ ಇತ್ತು. ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದೆ. ಎಲ್ಲ ಇಂಗ್ಲಿಷು. ಅದರ ನಡುವೆ ತಮಿಳು ಅಕ್ಷರದಲ್ಲಿ ಒಂದು ಹೆಸರು: ನಮ್ಮೋರು.

ತಮಿಳಿನವರು ಅದನ್ನು ನೋಡಿದರೆ ‘ನಮ್ಮ ಊರು’ ಎಂದು ಬರೆಯಲು ಹೋಗಿ ತಪ್ಪು ಬರೆದಿದ್ದಾರೆ ಎಂದುಕೊಳ್ಳುತ್ತಾರೆ. ನಮಗೆ ಹಾಗಲ್ಲ. ಮದುವೆ ಮಾತಿಗೆ ಬಂದವರು ಯಾರು? ನಮ್ಮೋರು. ರೈಲಿನಲ್ಲಿ ಎದುರಿಗೆ ಕುಳಿತ ಹೆಂಗಸು ಮಗುವಿಗೆ ‘ಉಣ್ಣು ಬಾ’ ಎಂದರೆ ಅವಳು ಯಾರು? ನಮ್ಮೋರು. ಅರವತ್ತು ವರ್ಷದಲ್ಲಿ ಆ ಮಾತನ್ನು ಮನೆಯೊಳಗೆ ಕೇಳಿದ್ದೆ, ಬೀದಿಯಲ್ಲಿ ಬರೆದದ್ದನ್ನು ಒಂದು ಸಲವೂ ಕಂಡಿರಲಿಲ್ಲ. ನನ್ನ ಎದೆ ಉಬ್ಬಿತು. ನಮ್ಮ ಜನ ಯಾರೋ ಪುಣ್ಯಾತ್ಮರು ನಮಗಾಗಿ ಇಟ್ಟಿದ್ದಾರೆ ಎಂದುಕೊಂಡೆ. ಕಿಟಕಿಯಲ್ಲಿ ಕೇಳಬೇಕು ಎಂಬುದು ಮರೆತೇ ಹೋಯಿತು. ನಮ್ಮೋರನ್ನು ನಂಬಲು ಯಾರನ್ನು ಕೇಳಬೇಕು?

ಒತ್ತಿದೆ. ಒಂದು ಪುಟ ಬಂತು. ಮೇಲ್ ಹೆಸರು, ಪಾಸ್‌ವರ್ಡ್ ಹಾಕಿ ಎಂದು ತಮಿಳಿನಲ್ಲಿತ್ತು. ಫೋನು ಕೊಂಡ ದಿನ ಸೊಸೆ ಬರೆದು ಕವರಿನೊಳಗೆ ಇಟ್ಟಿದ್ದ ಚೀಟಿ ಇತ್ತಲ್ಲ, ಅದನ್ನು ತೆಗೆದು ಒಂದೊಂದೇ ಅಕ್ಷರ ಹುಡುಕಿ ಹಾಕಿದೆ. ಆಮೇಲೆ ಫೋನೇ ಕೇಳಿತು, ಯಾರೋ ಒಳಗೆ ಬರುತ್ತಿದ್ದಾರೆ, ಅದು ನೀವೇನಾ ಎಂದು. ನಾನಲ್ಲದೆ ಇನ್ಯಾರು? ಆಮಾ, ಹೌದು ಎಂದು ಒತ್ತಿದೆ. ನೆಟ್ ಬಂತು. ಮಗಳ ಹೊಟ್ಟೆ ನೋಡಿದೆ. ಸಂತೋಷವಾಗಿ ಬಸ್ಸು ಹತ್ತಿದೆ.

ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಹಿಂದೆ ಅಳಿಯ ಕುಳಿತಿದ್ದ. ಅದು ನನಗೆ ಗೊತ್ತಾಗಲು ಇನ್ನೂ ಆರು ದಿನ ಬೇಕಿತ್ತು.

ಮಂಗಳವಾರ ನಾನು ಮಡತ್ತುಕುಳಕ್ಕೆ ಹೋದೆ, ದಿನ ತುಂಬಿತ್ತಲ್ಲ. ಹೆರಿಗೆಯ ಹೊತ್ತಿಗೆ ಬೇಕಾದೀತೆಂದು ಅಂದೇ ನನ್ನ ಫೋನಿಗೆ ನೆಟ್ ಹಾಕಿಸಿಕೊಂಡಿದ್ದೆ. ಗುರುವಾರ ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಅಕ್ಕ ಎರಡು ಗದ್ದೆ ಆಚೆ ಆಲೆಮನೆಯಲ್ಲಿದ್ದಳು. ಮನೆಯಲ್ಲಿ ನಾನು, ಮಗಳು ಇಬ್ಬರೇ. ಅವಳನ್ನು ಹಿತ್ತಲಲ್ಲಿ ಮಣೆಯ ಮೇಲೆ ಕೂರಿಸಿ ತಲೆಗೆ ಎಣ್ಣೆ ತಟ್ಟುತ್ತಿದ್ದೆ. ಪಕ್ಕದ ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು.

ಬೈಕಿನ ಸದ್ದು. ಬೇಲಿಯ ಬಾಗಿಲು ಮುರಿದ ಸದ್ದು. ತಿರುಗುವಷ್ಟರಲ್ಲಿ ಅವನು ಎದುರಿಗಿದ್ದ, ಕೈಯಲ್ಲಿ ಹೆಲ್ಮೆಟ್ಟು.

“ಏನ್ ಅತ್ತೆ, ಸೌಕ್ಯವಾ? ನೀನೇ ಅಲ್ವಾ ದಾರಿ ತೋರ್ಸಿದ್ದು. ನಮ್ಮೋರು ಅಂತ ಬರ್ದಿದ್ದೇ ತಡ, ಅಲ್ಲು ಕಿರ್ಕಂಡು ಒತ್ಬುಟ್ಟೆ. ನಿನ್ ಫೋನು ಎಲ್ಲಿದ್ರೂ ನಂಗೆ ಚುಕ್ಕಿ ಕಾಣ್ತೈತೆ.”

ನಾನು ಬಾಯಿ ತೆರೆದೆ. ಹೆಲ್ಮೆಟ್ಟು ಬಾಯಿಗೇ ಬಂತು. ಕಟ್ ಎಂಬ ಸದ್ದು ನನ್ನ ತಲೆಯೊಳಗೆ ಕೇಳಿತು. ಬಿಸಿಯಾದದ್ದೇನೋ ಗಂಟಲಿಗೆ ಇಳಿಯಿತು. ಉಗಿದರೆ ಕಲ್ಲಿನ ಮೇಲೆ ಎರಡು ಹಲ್ಲು. ಅವನು ನನ್ನನ್ನು ದಾಟಿ ಮಗಳ ಕೂದಲಿಗೆ ಕೈ ಹಾಕಿ ಎಳೆದ. ಆದರೆ ಆ ಕೂದಲಿಗೆ ನಾನು ತಟ್ಟಿದ್ದ ಎಣ್ಣೆ ಎಷ್ಟಿತ್ತೆಂದರೆ ಜಡೆ ಅವನ ಮುಷ್ಟಿಯಿಂದ ಜಾರಿ ಅವನೇ ಹಿಂದಕ್ಕೆ ಬಿದ್ದ! ಬಿದ್ದವನು ಕಾಲು ಎತ್ತಿ ಅವಳ ಹೊಟ್ಟೆಗೆ ಗುರಿ ಮಾಡಿದ. ಅವಳು ಮುರಿದು ಕೂಡಿದ ಆ ಕೈಯನ್ನೇ ಅಡ್ಡ ಹಿಡಿದಳು. ಒದೆ ಕೈಗೆ ಬಿತ್ತು.

ನನಗೆ ಆಮೇಲೆ ಯೋಚನೆ ಎಂಬುದೇ ಇರಲಿಲ್ಲ. ಸೆರಗು ಸುತ್ತಿ ಹಂಡೆಯ ಕಿವಿ ಹಿಡಿದು ಅವನ ಮೇಲೆ ಮಗುಚಿದೆ. ಕುದಿವ ನೀರು ಅವನ ಸೊಂಟದಿಂದ ಪಾದದವರೆಗೆ ಇಳಿಯಿತು. ಅವನು ಹಾಕಿದ ಕೂಗು ಈಗಲೂ ನನ್ನ ಕಿವಿಗೆ ಸುಖವಾಗಿದೆ, ಸುಳ್ಳು ಯಾಕೆ ಹೇಳಲಿ. ಉರುಳಾಡಿ ಎದ್ದು, ಒಂದು ಕಾಲು ಎಳೆಯುತ್ತ ಬೈಕಿಗೆ ಓಡಿದ. “ಆಳು ಕರ್ಕಂಡು ಬತ್ತೀನಿ! ಸಂಜೆಯೊಳ್ಗೆ! ಯಾವ ಊರ್ಗೆ ಓದ್ರೂ ಬತ್ತೀನಿ!” ಎಂದು ಅರಚುತ್ತ ಹೋದ.

ತಿರುಗಿ ನೋಡಿದರೆ ಮಗಳ ಕಾಲ ಕೆಳಗೆಲ್ಲ ನೀರು. ಹಂಡೆಯ ನೀರಲ್ಲ.

ಕೂಗು ಕೇಳಿ ಅಕ್ಕ ಬೆಲ್ಲ ಸಾಗಿಸುವ ವ್ಯಾನಿನಲ್ಲೇ ಬಂದಳು. ಮಗಳನ್ನು ಹಿಂದೆ ಗೋಣಿಯ ಮೇಲೆ ಮಲಗಿಸಿ ಉಡುಮಲೈ ಆಸ್ಪತ್ರೆಯ ಕಡೆ ಓಡಿಸಿದೆವು. ದಾರಿಯಲ್ಲಿ ನಾನು ಸೊಸೆಗೆ ಫೋನು ಮಾಡಿದೆ. ತುಟಿ ಊದಿ ಮಾತು ಹೊರಡದು. ‘ನಮ್ಮೋರು’ ಕತೆಯನ್ನು ರಕ್ತ ಉಗಿಯುತ್ತ ಹೇಳಿದೆ.

“ಅಯ್ಯೋ ಅತ್ತೆ! ಅದು ಅವನ ಫೋನಿನ ಹಾಟ್‌ಸ್ಪಾಟು ಕಣತ್ತೆ. ನಿಮ್ ಮಾತು ಅವನಿಗೆ ಕೇಳ್ಸಿರಲ್ಲ, ಅದು ಬೀಗ ಹಾಕ್ಕೊಂಡೇ ಹೋಗುತ್ತೆ. ಆದ್ರೆ ನೀವೇ ಕೀಲಿಕೈ ಕೊಟ್ಬಿಟ್ರಲ್ಲ! ಆ ಮೇಲ್ ತೆಗೆದ್ರೆ ನಿಮ್ ಫೋನ್ ಎಲ್ಲಿದೆ ಅಂತ ಭೂಪಟದಲ್ಲಿ ಕಾಣುತ್ತೆ. ಈಗ್ಲೇ ಆಫ್ ಮಾಡಿ.”

ನಾನು ಗುಂಡಿ ಹುಡುಕಿದೆ. ಅಷ್ಟರಲ್ಲಿ ಅವಳೇ, “ಇರಿ ಇರಿ. ಆಫ್ ಮಾಡ್ಬೇಡಿ. ಅವನು ನೋಡ್ತಾ ಇರೋದು ಫೋನನ್ನ, ನಿಮ್ಮನ್ನ ಅಲ್ಲ” ಎಂದಳು.

ಮುಂದೆ ಕುಳಿತಿದ್ದ ಅಕ್ಕನಿಗೆ ಅದು ನನಗಿಂತ ಬೇಗ ಅರ್ಥವಾಯಿತು. “ನಿಲ್ಸೋ ವಂಡಿ” ಎಂದು ಡ್ರೈವರಿಗೆ ಹೇಳಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. “ಆಸ್ಪತ್ರಿ ಇನ್ನೂ ದೂರ ಐತೆ. ಚುಕ್ಕಿ ಇಲ್ಲಿಂದ ತಿರುಗಿ ಆಲೆಮನೆಗೆ ಓಗ್ಲಿ. ನೋವು ನಿಂತೋಯ್ತು, ಮನೆಗೆ ಬಂದೌರೆ ಅಂದ್ಕೊಳ್ಳಿ ಅವ್ನು. ನೀನು ಓಗಿ ಮಗು ಎತ್ಕೊ. ಠಾಣೆಗೂ ನಾನೇ ಏಳ್ತೀನಿ.” ಇಳಿದು, ಎದುರು ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು, ಅದನ್ನು ಹತ್ತಿಯೇ ಹೋದಳು. ಅರವತ್ತೈದು ವಯಸ್ಸು ಅವಳಿಗೆ.

ಆಸ್ಪತ್ರೆಯಲ್ಲಿ ಮಗಳನ್ನು ಒಳಗೆ ಒಯ್ದರು. ನನ್ನ ಬಾಯಿಗೆ ಹತ್ತಿ ಇಟ್ಟು ಬೆಂಚಿನ ಮೇಲೆ ಕೂರಿಸಿದರು. ಒಳಗಿನಿಂದ ಅವಳ ಕೂಗು, ಹೊರಗೆ ನಾನು. ಪ್ರತಿ ಬೈಕಿನ ಸದ್ದಿಗೂ ಎದ್ದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ. ಅವನು ಚುಕ್ಕಿಯನ್ನು ನಂಬದಿದ್ದರೆ? ಆಸ್ಪತ್ರೆಗೇ ಬಂದರೆ? ಗ್ಲೂಕೋಸು ನೇತುಹಾಕುವ ಕಬ್ಬಿಣದ ಕೋಲೊಂದನ್ನು ಹತ್ತಿರ ಎಳೆದುಕೊಂಡು ಕುಳಿತೆ.

ಮಧ್ಯಾಹ್ನದ ಮೇಲೆ ಸೊಸೆ ತಿರುಪ್ಪೂರಿನಿಂದ ಬಂದಳು. ನನ್ನ ಮುಖ ನೋಡಿ ಅತ್ತಳು, ಕೋಲು ನೋಡಿ ನಕ್ಕಳು. ಆ ದಪ್ಪ ಗೋಡೆಯೊಳಗೆ ಅವಳ ಫೋನಿಗೂ ನೆಟ್ ಇಲ್ಲ. ವೈಫೈ ಪಟ್ಟಿಯಲ್ಲಿ ಮೂರು ಹೆಸರಿದ್ದವು, ಮೂರೂ ಆಸ್ಪತ್ರೆಯದೇ ಎಂಬಂತೆ. ಅವಳು ಮುಟ್ಟಲಿಲ್ಲ. ನರ್ಸಮ್ಮನ ಹತ್ತಿರ ಎದ್ದು ಹೋಗಿ, “ಇದ್ರಲ್ಲಿ ನಿಮ್ದು ಯಾವ್ದು?” ಎಂದು ಕೇಳಿದಳು. ನರ್ಸಮ್ಮ ಗೋಡೆಯ ಹಲಗೆ ತೋರಿಸಿದಳು. ಒಂದೇ ಒಂದು ಅದಕ್ಕೆ ಹೊಂದಿತು. ಅದು ಕೇಳಿದ್ದು ಫೋನ್ ನಂಬರು, ಓಟಿಪಿ, ಮತ್ತೇನಿಲ್ಲ. ಇಷ್ಟು ಸುಲಭದ ಕೆಲಸ, ನಾಲ್ಕು ಹೆಜ್ಜೆ ನಡೆದು ಒಂದು ಮಾತು ಕೇಳುವುದು. ನಾನು ಅದನ್ನು ಮಾಡದೆ ಮಗಳನ್ನು ಒದೆಸಿದ್ದೆ. ನನ್ನ ತಲೆಯನ್ನು ನಾನೇ ಗೋಡೆಗೆ ಚಚ್ಚಿಕೊಂಡೆ. ಸೊಸೆ ಹಿಡಿದುಕೊಂಡಳು.

ಅವಳು ನನ್ನ ಫೋನಿಗೇ ವೀಡಿಯೋ ಕರೆ ಮಾಡಿದಳು. ಹೊಸದಾಗಿ ಹಾಕಿಸಿದ ನೆಟ್ಟಿನಲ್ಲಿ ಅದು ಜೀವಂತವಾಗಿತ್ತು. ಮೊದಲು ಅಕ್ಕನ ಮೂಗಿನ ಹೊಳ್ಳೆ ಕಂಡಿತು. ಆಮೇಲೆ ಅಕ್ಕ ಫೋನನ್ನು ಕಂಬದ ಮೊಳೆಗೆ ನೇತುಹಾಕಿದಳು. ಕುದಿಯುವ ಕೊಪ್ಪರಿಗೆಯ ಹೊಗೆ, ಅದರ ಹಿಂದೆ ಸಾಲಾಗಿ ಕುಳಿತ ಹತ್ತು ಹನ್ನೆರಡು ಹೆಂಗಸರು. ಕಬ್ಬು ಕಡಿಯುವವರು. ಪ್ರತಿಯೊಬ್ಬಳ ಮಡಿಲಲ್ಲೂ ಗರಿ ಸುಲಿದ ಒಂದೊಂದು ಕಬ್ಬು.

“ಬರ್ಲಿಲ್ವಾ ಅಕ್ಕ?” ಎಂದೆ.

“ಬಾಯಿ ಮುಚ್ಚು. ಬಂದ.”

ಅವನು ಬಂದ, ಇಬ್ಬರನ್ನು ಕರೆದುಕೊಂಡು. ಕಾಲಿಗೆ ಬಟ್ಟೆ ಸುತ್ತಿದ್ದ, ಕೈಯಲ್ಲಿ ಕಬ್ಬಿಣದ ರಾಡು. ಒಳಗೆ ಮಗಳನ್ನು ಹುಡುಕಿದ ಕಣ್ಣಿಗೆ ಕಂಡದ್ದು ಅಕ್ಕ. ರಾಡು ಬೀಸಿದ. ಅಕ್ಕನ ಭುಜದ ಮೂಳೆ ಮುರಿಯಿತು. ಬಿದ್ದ ಅಕ್ಕ ನೆಲದಿಂದಲೇ “ಅಡೀಂಗಡಿ!” ಎಂದು ಕೂಗಿದಳು, ಹೊಡೆಯಿರೇ ಎಂದು. ಹನ್ನೆರಡು ಕಬ್ಬು ಒಟ್ಟಿಗೆ ಎದ್ದವು. ಮೊದಲ ಏಟು ಕೈಗೆ, ರಾಡು ಹಾರಿತು. ಎರಡನೆಯದು ಬೆಂದ ಕಾಲಿಗೆ. ಕಬ್ಬು ಮುರಿದರೆ ಇನ್ನೊಂದು ಕಬ್ಬು. ಅಲ್ಲಿ ಕಬ್ಬಿಗೆ ಬರವೇ? ಜೊತೆಗೆ ಬಂದವರಿಬ್ಬರು ಗದ್ದೆ ಹಾರಿ ಓಡಿದರು. ಅವನ ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳಿಯಿತು. ತೆವಳುತ್ತ ಕೊಪ್ಪರಿಗೆಯ ಅಂಚಿಗೆ ಹೋದವನನ್ನು ಒಬ್ಬಳು ಕಾಲು ಹಿಡಿದು ಹಿಂದಕ್ಕೆ ಎಳೆದಳು, “ಪಾಕ ಕೆಟ್ಟೋಗುಂಡಾ” ಎಂದು ಬೈಯುತ್ತ. ಬೆಲ್ಲ ಕೆಟ್ಟೀತು ಎಂದು ಅವನನ್ನು ಬದುಕಿಸಿದಳು!

“ತಂಗೀ, ನೋಡ್ಕೊ, ನಿನ್ ಅಳಿಯಂಗೆ ಮರ್ಯಾದೆ ಮಾಡ್ತಾ ಇವ್ನಿ” ಎಂದು ಅಕ್ಕ ಬಿದ್ದಲ್ಲಿಂದಲೇ ಕೂಗಿದಳು.

“ಮೊಣಕಾಲ್ಗೆ! ಇನ್ನೊಂದು ಮೊಣಕಾಲ್ಗೆ!” ನಾನು ಬೆಂಚಿನ ಮೇಲೆ ಹತ್ತಿ ನಿಂತಿದ್ದೆ. ಬಾಯಿಗಿಟ್ಟಿದ್ದ ಹತ್ತಿ ಬಿದ್ದು ಹೋಗಿತ್ತು. ಪಕ್ಕದ ಬೆಂಚಿನವರು ಫೋನಿನಲ್ಲಿ ಕಬಡ್ಡಿ ನೋಡುತ್ತಿದ್ದಾಳೆ ಈ ಮುದುಕಿ ಎಂದುಕೊಂಡು ಯಾವ ಟೀಮು ಎಂದು ಕೇಳಿದರು.

ಪೊಲೀಸರು ಬಂದು ಅವನನ್ನು ಹೆಂಗಸರ ಕೈಯಿಂದ ಬಿಡಿಸಿ ಹೊತ್ತುಕೊಂಡು ಹೋಗುವುದನ್ನೂ ನೋಡಿದೆವು. ಅವನ ಕಾಲು ನಡೆಯುವ ಹಾಗಿರಲಿಲ್ಲ. ಅವನು ಈಗಲೂ ಒಳಗಿದ್ದಾನೆ. ಕೇಸಿಗೆ ಕರೆದಾಗಲೆಲ್ಲ ನಾನು ಹೋಗಿ, ಬಾಯಿ ತೆರೆದು ಖಾಲಿ ಜಾಗ ತೋರಿಸಿ ಬರುತ್ತೇನೆ.

ಕರೆ ಮುಗಿದೊಡನೆ ಕುಣಿಯಲು ಬಿಡದೆ ಸೊಸೆ ನನ್ನ ಕೈ ಹಿಡಿದು ಕೂರಿಸಿದಳು. “ಈಗ ಪಾಸ್‌ವರ್ಡ್ ಬದಲಾಯಿಸ್ಬೇಕು. ಅವನ ಫೋನು ಇನ್ನೂ ನಿಮ್ಮೊಳಗೆ ಕೂತಿದೆ. ಅವನ ಸ್ನೇಹಿತರ ಕೈಯಲ್ಲಿದ್ರೆ?” ತನ್ನ ಫೋನಿನಲ್ಲೇ ನನ್ನ ಮೇಲ್ ತೆಗೆದಳು. ಯಾವ ಯಾವ ಫೋನಿನಲ್ಲಿ ತೆರೆದಿದೆ ಎಂಬ ಪಟ್ಟಿ ಬಂತು. ಅದರಲ್ಲಿ ಅವನದು ಇತ್ತು. ಹೊರಹಾಕು ಎಂಬ ಜಾಗವನ್ನು ಸೊಸೆ ತೋರಿಸಿದಳು. ಒತ್ತಿದ್ದು ನಾನು, ಬೆರಳು ನೋಯುವ ಹಾಗೆ, ಗುದ್ದಿಯೇ ಒತ್ತಿದೆ.

“ಹೊಸ ಪಾಸ್‌ವರ್ಡ್ ಹೇಳಿ ಅತ್ತೆ. ಚೀಟೀಲಿ ಬರೆಯೋ ಹಾಗಿಲ್ಲ. ನಿಮಗೆ ಮಾತ್ರ ಗೊತ್ತಿರೋ ಉದ್ದದ ಮಾತು.”

ನಾನು ಯೋಚಿಸುತ್ತಿದ್ದೆ. ಆಗ ಬಾಗಿಲ ಒಳಗಿನಿಂದ ಒಂದು ಕೂಗು ಎದ್ದಿತು. ಅಳು ಅಲ್ಲ, ಜಗಳ. ಯಾರನ್ನೋ ಬೈಯುವ ಜಗಳ. ನಾನು ಓಡಿದೆ. “ಅತ್ತೆ, ಪಾಸ್‌ವರ್ಡ್ ಮುಗಿಸಿ ಹೋಗಿ!” ಎಂದು ಸೊಸೆ ಕೂಗಿದಳು. ತಿರುಗಿ ಬಂದು ಅವಳ ಕಿವಿಯಲ್ಲಿ ಹೇಳಿ, ಅವಳು ಅದನ್ನು ಹಾಕಿ ‘ಆಯ್ತು’ ಎನ್ನುವವರೆಗೂ ನಿಂತ ಜಾಗದಲ್ಲೇ ಕಾಲು ಕುಟ್ಟುತ್ತ ನಿಂತೆ. ಆಮೇಲೆ ಓಡಿದೆ.

“ಪೊಣ್ಣು, ಪಾಟಿ” ಎಂದಳು ನರ್ಸಮ್ಮ. ಹೆಣ್ಣು ಮಗು, ಅಜ್ಜಿ ಎಂದು. ಮಗಳು ಸುಸ್ತಾಗಿ ಮಲಗಿದ್ದಳು, ಕೈಗೆ ಮತ್ತೆ ಪಟ್ಟಿ. “ಅವನು?” ಎಂದಳು. “ಹನ್ನೆರಡು ಕಬ್ಬು ತಿಂದ” ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು.

ನಾನು ಕೂಸಿಗೆ ಕೈ ಚಾಚಿದೆ. ನರ್ಸಮ್ಮ ಹಿಂದಕ್ಕೆ ಸರಿದು, ಮೊದಲು ಮುಖ ತೊಳೆದುಕೊಂಡು ಬಾ, ಈ ರಕ್ತದ ಮುಖ ನೋಡಿದರೆ ಮಗು ಹೆದರುತ್ತದೆ ಎಂದು ಗದರಿದಳು. ತೊಳೆದುಕೊಂಡು ಬಂದೆ. ಎತ್ತಿಕೊಂಡು ಕೆನ್ನೆಗೆ ಒತ್ತಿಕೊಂಡೆ. ಕೂಸು ಕಣ್ಣು ಮುಚ್ಚಿಯೇ ಕಾಲು ಝಾಡಿಸಿ ನನ್ನ ಊದಿದ ತುಟಿಯ ಮೇಲೆ ಸರಿಯಾಗಿ ಒದೆಯಿತು. ಕಣ್ಣಲ್ಲಿ ನೀರು ಬಂತು, ಅಂಥ ನೋವು. ನಾನು ಇನ್ನೊಂದು ಸಲ ಮುಖ ಒಡ್ಡಿದೆ.